ವ್ಯಾನಿನ ತಗಡಿಗೆ ಚೊಕ್ಕ ತೂತು ಕೊರೆಯುವುದು

ವ್ಯಾನು, ಕಾರುಗಳ ಮೈ ತಗಡಿನ ದಪ್ಪ 0.7 ಮಿ.ಮೀ. ಆಸುಪಾಸು. ಎಲ್ಲ ತೊಂದರೆಯೂ ಈ ತೆಳುವಿನಿಂದಲೇ. ದಪ್ಪ ಪಟ್ಟಿಗೆ ದುಂಡನೆ ತೂತು ಹಾಕುವ ಅದೇ ಡ್ರಿಲ್ ಬಿಟ್ ಇಲ್ಲಿ ಮೂರು ಮೂಲೆಯ ತೂತು ಮಾಡಿಡುತ್ತದೆ. 10 ಮಿ.ಮೀ. ಬಿಟ್ಟಿನ ಮೊನೆಯ ಭಾಗವೇ ಸುಮಾರು 3 ಮಿ.ಮೀ. ಉದ್ದ. ತಗಡು ಅದರ ಕಾಲು ಭಾಗವೂ ಇಲ್ಲ. ಅಂದರೆ ಬಿಟ್ಟು ಪೂರ್ತಿ ಅಗಲ ಕೊರೆಯುವ ಮೊದಲೇ ಮೊನೆ ಆಚೆ ಹೋಗಿರುತ್ತದೆ, ಅದನ್ನು ನಡುವಿಗೆ ಹಿಡಿದಿಡಲು ಏನೂ ಉಳಿದಿರುವುದಿಲ್ಲ. ಆಗ ಬಿಟ್ಟು ಅತ್ತಿತ್ತ ಹೊಯ್ದಾಡಿ, ಕೊನೆಗೆ ತಗಡನ್ನು ಕಚ್ಚಿ ಎಳೆಯುತ್ತದೆ. ಅಂಚು ಹರಿದು ಮೇಲಕ್ಕೆ ಏಳುತ್ತದೆ, ಸುತ್ತಲಿನ ಪೇಂಟು ಬಿರಿಯುತ್ತದೆ.

ಹಾಗಾಗಿ ಮಾಮೂಲಿ ಬಿಟ್ಟನ್ನು ನಾನು 3-4 ಮಿ.ಮೀ. ಪೈಲಟ್ ತೂತಿಗೆ, ಅಂದರೆ ದಾರಿ ತೋರುವ ಮೊದಲ ಸಣ್ಣ ತೂತಿಗೆ ಮಾತ್ರ ಬಳಸುತ್ತೇನೆ. ಮುಂದಿನದು ಹೆಚ್ಚಾಗಿ ಸ್ಟೆಪ್ ಬಿಟ್ಟಿನ, ಅಂದರೆ ಮೆಟ್ಟಿಲು ಮೆಟ್ಟಿಲಾಗಿ ಅಗಲವಾಗುತ್ತ ಹೋಗುವ ಬಿಟ್ಟಿನ ಕೆಲಸ. ಅದರ ಪ್ರತಿ ಮೆಟ್ಟಿಲೂ ಹಿಂದಿನ ಮೆಟ್ಟಿಲು ಮಾಡಿದ ದುಂಡು ತೂತಿನೊಳಗೆ ಕೂತು ಕೊರೆಯುವುದರಿಂದ ನಡು ತಪ್ಪುವುದಿಲ್ಲ. ಇಲ್ಲಿ ಉದಾಹರಣೆಗೆ ಎರಡು ಕೆಲಸ ತೆಗೆದುಕೊಳ್ಳುತ್ತೇನೆ: ರೂಫ್ ಮೇಲಿನ ಸೋಲಾರ್ ಪ್ಯಾನೆಲ್‌ನ ವೈರು ಒಳಗೆ ತರಲು 20 ಮಿ.ಮೀ. ತೂತು, ಮತ್ತು ಎಂಜಿನ್ ಕಡೆಯ ಬ್ಯಾಟರಿಯಿಂದ ಒಳಗಿನ ಎರಡನೇ ಬ್ಯಾಟರಿಗೆ ಕೇಬಲ್ ಎಳೆಯಲು ಎಂಜಿನ್ನಿಗೂ ಗಾಡಿಯ ಒಳಗಿಗೂ ನಡುವಿನ ತಗಡಿನ ಗೋಡೆ, ಅಂದರೆ ಫೈರ್‌ವಾಲ್‌ನಲ್ಲಿ ಒಂದು ತೂತು.

ಅಂಗಡಿಯಲ್ಲಿ ಸುಲಭವಾಗಿ ಸಿಗುವ ಸ್ಟೆಪ್ ಬಿಟ್ 4ರಿಂದ 20 ಮಿ.ಮೀ.ವರೆಗಿನದು, 2 ಮಿ.ಮೀ.ಗೊಂದು ಮೆಟ್ಟಿಲು. ಅದರಲ್ಲಿ 16, 18, 20 ಇವೆ, 19 ಇಲ್ಲ. ರೇಡಿಯೋ ಆಂಟೆನಾದ ಮುಕ್ಕಾಲು ಇಂಚಿನ ಮೌಂಟಿಗೆ ಬೇಕಾದ್ದು 19 ಮಿ.ಮೀ. ಅಂಥ ಕಡೆ 20ಕ್ಕೆ ಕೊರೆದು ಹೇಗೋ ಕೂರಿಸಿದರೆ ಮೌಂಟು ನಡುವಿಗೆ ನಿಲ್ಲುವುದಿಲ್ಲ, ವಾಷರ್ ಒಂದು ಕಡೆ ಸರಿದು ನೀರು ಇಳಿಯುತ್ತದೆ. ಇಂಚಿನ ಅಳತೆಯ ಸ್ಟೆಪ್ ಬಿಟ್ ತರಬೇಕು, ಇಲ್ಲವೇ 18ಕ್ಕೆ ನಿಲ್ಲಿಸಿ ಅರೆದುಂಡು ಅರದಿಂದ ಸುತ್ತಲೂ ಸಮವಾಗಿ ಉಜ್ಜಿ ಅಗಲಿಸಬೇಕು. ಕೇಬಲ್ಲನ್ನು ತೂತಿನಲ್ಲಿ ನೀರಿಳಿಯದಂತೆ ಬಿಗಿಹಿಡಿಯುವ ಕೇಬಲ್ ಗ್ಲ್ಯಾಂಡ್‌ಗಳ ವಿಷಯದಲ್ಲೂ ಹೆಸರು ನೋಡಿ ಕೊರೆಯಬಾರದು. ಎಂ20 ಗ್ಲ್ಯಾಂಡಿಗೆ 20 ಸರಿ. ಆದರೆ ಪಿ.ಜಿ. ಎಂಬ ಹಳೆಯ ಅಳತೆಯ ಗ್ಲ್ಯಾಂಡಿನಲ್ಲಿ ಪಿ.ಜಿ. 9 ಅಂದರೆ 9 ಮಿ.ಮೀ. ಅಲ್ಲ, ಅದರ ಮರೆ (ನಟ್ಟು ಸುತ್ತುವ ತಿರುಪಿನ ಭಾಗ) 15.2 ಮಿ.ಮೀ.; ಪಿ.ಜಿ. 13.5ರದ್ದು 20.4. ವರ್ನಿಯರ್ ಹಿಡಿದು ಮರೆಯನ್ನೇ ಅಳೆಯಿರಿ.

ರೂಫಿನಲ್ಲಿ ಜಾಗ ಹುಡುಕುವುದಕ್ಕೆ ಕೊರೆಯುವುದಕ್ಕಿಂತ ಹೆಚ್ಚು ಹೊತ್ತು ಹಿಡಿಯುತ್ತದೆ, ಹಿಡಿಯಲೂಬೇಕು. ತಗಡಿನ ಕೆಳಗೆ ಅಡ್ಡಡ್ಡ ಪಟ್ಟಿಗಳಿರುತ್ತವೆ, ಅವುಗಳ ಮೇಲೆ ತೂತು ಬೀಳಬಾರದು. ಒಳಗಿನ ದೀಪದ ವೈರು ಹೋಗಿರುತ್ತದೆ. ಕರ್ಟನ್ ಏರ್‌ಬ್ಯಾಗ್ ಇರುವ ಗಾಡಿಯಾದರೆ ಬಾಗಿಲುಗಳ ಮೇಲಿನ ಅಂಚಿನುದ್ದಕ್ಕೂ ಏನೂ ಮಾಡಬಾರದು. ನಾನು ಯಾವಾಗಲೂ ರೂಫಿನ ಒಳಹೊದಿಕೆಯಾದ ಲೈನಿಂಗ್ ಇಳಿಸಿ, ಒಳಗಿನಿಂದ ಬರಿಗಣ್ಣಿಗೆ ಕಾಣುವ ತಗಡಿಗೆ 3 ಮಿ.ಮೀ. ಪೈಲಟ್ ಹಾಕಿ, ಆಮೇಲೆ ಹೊರಗಿನಿಂದ ದೊಡ್ಡದು ಮಾಡುತ್ತೇನೆ. ಕೆಳಗಿನಿಂದ ಮೇಲಕ್ಕೆ ಕೊರೆಯುವಾಗ ಚೂರು ನೇರ ಮುಖಕ್ಕೇ ಬೀಳುತ್ತದೆ. ಕನ್ನಡಕ ಹಾಕದೆ ಡ್ರಿಲ್ ಎತ್ತಬೇಡಿ. ಕೈಗವಸು ಮಾತ್ರ ಕೊರೆಯುವಾಗ ಬೇಡ, ತಿರುಗುವ ಬಿಟ್ಟು ಅದರ ನೂಲನ್ನು ಸುತ್ತಿಕೊಂಡರೆ ಬೆರಳೂ ಜೊತೆಗೆ ಹೋಗುತ್ತದೆ. ಕೆಲಸ ಶುರುಮಾಡುವ ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ.

ಲೈನಿಂಗ್ ಇಳಿಸದೆ ಕೊರೆಯುವವರು ಮರೆಯುವುದು ಸ್ಟೆಪ್ ಬಿಟ್ಟಿನ ಉದ್ದವನ್ನು. 20 ಮಿ.ಮೀ. ಮೆಟ್ಟಿಲು ತಗಡಿಗೆ ತಲುಪುವಷ್ಟರಲ್ಲಿ ಬಿಟ್ಟಿನ ಮೊನೆ ಒಂದೂವರೆ ಇಂಚಿಗಿಂತ ಆಳ ಒಳಗೆ ಹೋಗಿರುತ್ತದೆ. ರೂಫಿಗೂ ಲೈನಿಂಗಿಗೂ ನಡುವೆ ಅಷ್ಟು ಜಾಗವೇ ಇರುವುದಿಲ್ಲ. ಬಟ್ಟೆ, ಫೋಮು, ವೈರು ಎಲ್ಲ ಸುತ್ತಿಕೊಂಡು ಬರುತ್ತವೆ. ಲೈನಿಂಗ್ ಇಳಿಸಲಾಗದ ಗಾಡಿಗೆ ಹೋಲ್ ಸಾ (ಬಟ್ಟಲಿನಾಕಾರದ ಗರಗಸ) ಒಳ್ಳೆಯದು, ಅದರಲ್ಲೂ ಕಾರ್ಬೈಡ್ ಹಲ್ಲಿನ ಗಿಡ್ಡ ಕಟರ್. ಅದಕ್ಕೆ ಮೇಲೊಂದು ಅಂಚು ಇರುತ್ತದೆ, ತಗಡು ಕತ್ತರಿಸಿದ ಕೂಡಲೇ ಆ ಅಂಚು ತಡೆದು ನಿಲ್ಲಿಸುತ್ತದೆ. ನಡುವಿನ ಪೈಲಟ್ ಬಿಟ್ಟು ಎಷ್ಟು ಮುಂದೆ ಚಾಚಿದೆ ಎಂಬುದನ್ನು ಮಾತ್ರ ನೋಡಿಕೊಳ್ಳಬೇಕು.

ಗುರುತು ಹಾಕುವ ಜಾಗಕ್ಕೆ ಎರಡು ಪದರ ಮಾಸ್ಕಿಂಗ್ ಟೇಪ್ ಅಂಟಿಸಿ, ಅದರ ಮೇಲೆ ಪೆನ್ಸಿಲ್‌ನಲ್ಲಿ ಅಡ್ಡ-ಉದ್ದ ಗೆರೆ ಎಳೆಯಿರಿ. ಟೇಪು ಗುರುತಿಗೂ ಆಯಿತು, ಪೇಂಟು ಸಿಡಿಯದಂತೆ ಹಿಡಿಯುವುದಕ್ಕೂ ಆಯಿತು. ಹೊರಗಿನಿಂದ ಪೈಲಟ್ ಹಾಕುವುದಾದರೆ ಸೆಂಟರ್ ಪಂಚಿಗೆ ಸುತ್ತಿಗೆಯ ಹಗುರ ಪೆಟ್ಟು ಸಾಕು. ಜೋರಾಗಿ ಹೊಡೆದರೆ ರೂಫ್ ತಗ್ಗಾಗುತ್ತದೆ, ಆ ತಗ್ಗಿನಲ್ಲಿ ಮುಂದೆ ನೀರು ನಿಲ್ಲುತ್ತದೆ. ಸ್ಪ್ರಿಂಗ್ ಇರುವ ಆಟೋ ಪಂಚ್ ಇದ್ದರೆ ಇನ್ನೂ ವಾಸಿ.

ವೇಗದ ಲೆಕ್ಕ ಹೀಗಿದೆ. ಹೈಸ್ಪೀಡ್ ಸ್ಟೀಲ್ ಬಿಟ್ಟಿಗೆ 8000ವನ್ನು ತೂತಿನ ಮಿ.ಮೀ. ಅಳತೆಯಿಂದ ಭಾಗಿಸಿದರೆ ನಿಮಿಷಕ್ಕೆ ಎಷ್ಟು ಸುತ್ತು ಎಂಬುದು ಬರುತ್ತದೆ. 4 ಮಿ.ಮೀ.ಗೆ 2000, 20ಕ್ಕೆ 400. ಎಲ್ಲರೂ ಮಾಡುವುದು ಇದರ ಉಲ್ಟಾ: ಪೈಲಟ್ ಮೆಲ್ಲಗೆ ಹಾಕಿ, ದೊಡ್ಡ ಮೆಟ್ಟಿಲಿಗೆ ಟ್ರಿಗರ್ ಪೂರ್ತಿ ಒತ್ತುತ್ತಾರೆ. ದೊಡ್ಡ ಮೆಟ್ಟಿಲಿನ ಹೊರ ಅಂಚು ಆ ವೇಗಕ್ಕೆ ಕಾದು ಮೊಂಡಾಗುತ್ತದೆ, ಆಮೇಲೆ ಕೊರೆಯುವುದಿಲ್ಲ, ಉಜ್ಜುತ್ತದೆ. ಉಜ್ಜಿದ ಬಿಸಿಗೆ ಸುತ್ತಲಿನ ಪೇಂಟು ಕಂದಿ, ಕೆಳಗಿನ ಸತುವಿನ ಲೇಪವೂ ಹೋಗುತ್ತದೆ. ಚೂರು ಸುರುಳಿಯಾಗಿ ಬರುತ್ತಿದ್ದರೆ ಸರಿಯಾಗಿದೆ. ಪುಡಿ ಬಂದರೆ ಬಿಟ್ಟು ಮೊಂಡಾಗಿದೆ, ಇಲ್ಲವೇ ಒತ್ತಡ ಸಾಲದು. ನೀಲಿ ಬಣ್ಣದ ಚೂರು ಕಂಡರೆ ಕೂಡಲೇ ವೇಗ ಇಳಿಸಿ. ಬಿಟ್ಟಿಗೆ ಸ್ವಲ್ಪ ಗ್ರೀಸ್ ಸವರಿದರೆ ತಂಪೂ ಆಗುತ್ತದೆ, ಚೂರೂ ಅಂಟಿಕೊಂಡು ಹಾರುವುದಿಲ್ಲ. ಅಲ್ಯೂಮಿನಿಯಂ ಬಾಡಿಗೆ ಗ್ರೀಸ್ ಬದಲು ಸೀಮೆಎಣ್ಣೆ, ಇಲ್ಲದಿದ್ದರೆ ಲೋಹ ಹಲ್ಲಿಗೆ ಮೆತ್ತಿಕೊಳ್ಳುತ್ತದೆ.

ಕೊನೆಯ ಮೆಟ್ಟಿಲಿನಲ್ಲಿ ಕೈ ಸಡಿಲಿಸಿ. ಒಂದು ಮೆಟ್ಟಿಲು ತಪ್ಪಿ ಒಳಗೆ ಹೋದರೆ 18 ಬೇಕಾದ ಕಡೆ 20 ಆಗುತ್ತದೆ. ದೊಡ್ಡ ಬಿಟ್ಟಾದರೆ ಬೇಕಾದ ಮೆಟ್ಟಿಲಿನ ಮೇಲೆ ಟೇಪು ಸುತ್ತಿಟ್ಟುಕೊಳ್ಳಿ. ಬೇಕಾದ ಮೆಟ್ಟಿಲು ದಾಟಿದ ಮೇಲೆ ಮುಂದಿನ ಮೆಟ್ಟಿಲಿನ ಇಳಿಜಾರು ಅಂಚನ್ನು ತೂತಿಗೆ ಒಂದು ಗಳಿಗೆ ತಾಗಿಸಿದರೆ ಮೇಲ್ಭಾಗದ ಮುಳ್ಳು (ಕೊರೆದಾಗ ಏಳುವ ಚೂಪು ಅಂಚು) ಹೋಗುತ್ತದೆ. ಒಳಭಾಗದ ಮುಳ್ಳಿಗೆ ಅರವೇ ಬೇಕು.

ಹೋಲ್ ಸಾ ಬಳಸುವಾಗ ಬರುವ ತೊಂದರೆ ಬೇರೆ. ರೂಫ್ ಎಂದರೆ ಪೂರ್ತಿ ಸಪಾಟಲ್ಲ, ಹಾಗಾಗಿ ಎರಡೇ ಕಡೆ ಹಲ್ಲು ಮೊದಲು ತಾಗುತ್ತದೆ, ಕಚ್ಚಿಕೊಂಡು ಡ್ರಿಲ್ ಮಣಿಕಟ್ಟನ್ನು ತಿರುಚುತ್ತದೆ. ಮೊದಲ ಕೆಲವು ಸುತ್ತು ಡ್ರಿಲ್ಲನ್ನು ಉಲ್ಟಾ ತಿರುಗಿಸಿದರೆ ಪೇಂಟಿನ ಮೇಲೆ ಗೆರೆ ಬಿದ್ದು ಗರಗಸಕ್ಕೆ ದಾರಿ ಸಿಗುತ್ತದೆ, ಆಮೇಲೆ ಮುಂದಕ್ಕೆ. ವೇಗ ಮೇಲಿನ ಲೆಕ್ಕಕ್ಕಿಂತಲೂ ಕಡಿಮೆ ಇರಲಿ. ತುಂಡಾಗಿ ಬರಲಿರುವ ಬಿಲ್ಲೆಗೆ ಮೊದಲೇ ಒಂದು ಅಯಸ್ಕಾಂತ ಅಂಟಿಸಿಡಿ. ಅದು ಪಟ್ಟಿಯ ಸಂದಿಗೆ ಬಿದ್ದರೆ ಗಾಡಿ ಇರುವವರೆಗೂ ಗಲಗಲ ಎನ್ನುತ್ತದೆ.

ಎರಡೂ ಬದಿ ಕೈಗೆ ಸಿಗುವ ಕಡೆ ಇವೆರಡಕ್ಕಿಂತಲೂ ಚೊಕ್ಕ ಕೆಲಸ ಮಾಡುವುದು ನಾಕೌಟ್ ಪಂಚ್. ಸ್ವಿಚ್‌ಬೋರ್ಡ್ ಪ್ಯಾನೆಲ್ ಮಾಡುವವರ ಹತ್ತಿರ ಇರುತ್ತದೆ. ಪೈಲಟ್ ತೂತನ್ನು ಬೋಲ್ಟ್ ಹಿಡಿಯುವಷ್ಟು ಅಗಲಿಸಿ, ಅದರಲ್ಲಿ ಬೋಲ್ಟ್ ತೂರಿಸಿ, ಒಂದು ಕಡೆ ಪಂಚು, ಇನ್ನೊಂದು ಕಡೆ ಡೈ ಇಟ್ಟು ಸ್ಪ್ಯಾನರ್‌ನಿಂದ ಬಿಗಿಯುತ್ತ ಹೋದರೆ ತಗಡು ಕತ್ತರಿಸಿ ಬರುತ್ತದೆ. ಬಿಸಿ ಇಲ್ಲ, ಪುಡಿ ಇಲ್ಲ. ನನ್ನ ಮಟ್ಟಿಗೆ ರೂಫಿಗೆ ಇದೇ ಮೊದಲ ಆಯ್ಕೆ. ಸಿಗದಿದ್ದಾಗ ಮಾತ್ರ ಸ್ಟೆಪ್ ಬಿಟ್.

ಕೊರೆದ ಚೂರಿನ ವಿಷಯವನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ರೂಫ್ ಮೇಲೆ ಉಳಿದ ಕಬ್ಬಿಣದ ಪುಡಿ ಒಂದು ರಾತ್ರಿಯ ಇಬ್ಬನಿಗೆ ತುಕ್ಕು ಹಿಡಿದು ಪೇಂಟಿನಲ್ಲಿ ಕೆಂಪು ಚುಕ್ಕೆ ಬಿಡುತ್ತದೆ. ಕಾರವಾರ, ಮಂಗಳೂರು ಕಡೆಯ ಉಪ್ಪುಗಾಳಿಯಲ್ಲಿ ಇನ್ನೂ ಬೇಗ. ಬಟ್ಟೆಯಿಂದ ಒರೆಸಿದರೆ ಪೇಂಟಿಗೆ ಗೀರು, ಏರ್ ಗನ್ನಿನಿಂದ ಊದಿದರೆ ಪುಡಿಯೆಲ್ಲ ಸಂದಿಗೆ. ಅಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ಆಡಿಸಿ, ಆಮೇಲೆ ಕವರನ್ನು ಒಳಹೊರಗು ಮಾಡಿ ಅಯಸ್ಕಾಂತ ತೆಗೆದರೆ ಪುಡಿ ಕವರಿನೊಳಗೇ ಉಳಿಯುತ್ತದೆ. ಉಳಿದದ್ದಕ್ಕೆ ವ್ಯಾಕ್ಯೂಮ್. ಟೇಪು ತೆಗೆಯುವುದು ಎಲ್ಲಕ್ಕಿಂತ ಕೊನೆಗೆ.

ಇನ್ನು ಅಂಚು. ಕಾರ್ಖಾನೆಯಲ್ಲಿ ತಗಡಿನ ಎರಡೂ ಮೈಗೆ ಕೊಟ್ಟ ರಕ್ಷಣೆ ಕತ್ತರಿಸಿದ ಅಂಚಿಗೆ ಇರುವುದಿಲ್ಲ, ತುಕ್ಕು ಅಲ್ಲಿಂದಲೇ ಪೇಂಟಿನ ಅಡಿಗೆ ನುಗ್ಗುತ್ತದೆ. ಅರ ಹಾಕಿ ಮುಳ್ಳು ತೆಗೆದು, ಎಮರಿ ಪೇಪರಿನಿಂದ ಅಂಚನ್ನು ತುಸು ದುಂಡಗೆ ಮಾಡಿ. ಚೂಪು ಮೂಲೆಯ ಮೇಲೆ ಪೇಂಟು ತೆಳುವಾಗಿ ಕೂರುವುದರಿಂದ ಈ ದುಂಡಗೆ ಮಾಡುವುದು ಮುಖ್ಯ. ಗ್ರೀಸ್ ಪೂರ್ತಿ ಹೋಗುವಂತೆ ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಒರೆಸಿ. ಥಿನ್ನರ್ ಬಳಸಿದರೆ ಒಮ್ಮೆ ರೀ-ಪೇಂಟ್ ಆದ ಗಾಡಿಯ ಬಣ್ಣ ಕರಗಬಹುದು. ಆಮೇಲೆ ಸಣ್ಣ ಬ್ರಷ್‌ನಲ್ಲಿ ಎಪಾಕ್ಸಿ ಪ್ರೈಮರ್, ಒಣಗಿದ ಮೇಲೆ ಟಚ್‌ಅಪ್ ಪೇಂಟ್ ಎರಡು ಕೋಟು. ತಗಡಿನ ಒಳಮೈಗೂ ಹಚ್ಚಬೇಕು, ರಾತ್ರಿ ತೇವ ಕೂರುವುದು ಅಲ್ಲೇ. ಆಂಟೆನಾ ಮೌಂಟಾದರೆ ಒಂದು ವ್ಯತ್ಯಾಸವಿದೆ: ಅದಕ್ಕೆ ಅರ್ತ್ ಸಿಗುವುದು ರೂಫಿನ ಒಳಮೈಯಿಂದ, ಹಾಗಾಗಿ ವಾಷರ್ ಹಲ್ಲು ಕೂರುವಷ್ಟು ಜಾಗ ಬರಿ ಲೋಹವಾಗಿಯೇ ಇರಲಿ.

ಸೋಲಾರ್ ವೈರಿಗೆ ರೂಫ್ ಮೇಲೆ ನೆಟ್ಟಗೆ ನಿಲ್ಲುವ ಗ್ಲ್ಯಾಂಡ್ ನನಗೆ ಒಗ್ಗುವುದಿಲ್ಲ. ತೂತಿಗೆ ರಬ್ಬರ್ ಗ್ರೊಮೆಟ್ (ತೂತಿನ ಅಂಚಿಗೆ ಕೂರುವ ಬಳೆ) ಕೂರಿಸಿ, ಅದರ ಮೇಲೆ ಪ್ಲಾಸ್ಟಿಕ್ ಎಂಟ್ರಿ ಬಾಕ್ಸ್ ಅಂಟಿಸಿ, ವೈರು ಗಾಡಿಯ ಹಿಂಬದಿಗೆ ಮುಖ ಮಾಡಿದ ಬಾಯಿಯಿಂದ ಅಡ್ಡಕ್ಕೆ ಒಳಗೆ ಬರಬೇಕು. 4 ಚದರ ಮಿ.ಮೀ. ಸೋಲಾರ್ ಕೇಬಲ್ ಹೊರ ಅಳತೆ 6 ಮಿ.ಮೀ. ಹತ್ತಿರ, ಎರಡು ಎಳೆ 20ರ ತೂತಿನ ಗ್ರೊಮೆಟ್‌ನಲ್ಲಿ ಆರಾಮಾಗಿ ಹೋಗುತ್ತವೆ. ಅಂಟಿಸಲು ಪಿ.ಯು. (ಪಾಲಿಯುರಿಥೇನ್) ಸೀಲಂಟ್. ಬಿಚ್ಚಿದಾಗ ವಿನೆಗರ್ ವಾಸನೆ ಬರುವ ಸಿಲಿಕೋನ್ ಬೇಡವೇ ಬೇಡ, ಅದು ಬಿಡುವ ಆಮ್ಲ ಬರಿ ಕಬ್ಬಿಣವನ್ನು ತಿನ್ನುತ್ತದೆ. ಪಿ.ಯು. ಗಾಳಿಯ ತೇವದಿಂದ ಗಟ್ಟಿಯಾಗುವಂಥದ್ದು, ದಿನಕ್ಕೆ 2-3 ಮಿ.ಮೀ. ಒಳಗೆ ಗಟ್ಟಿಯಾಗುತ್ತದೆ. ಮೇಲೆ ಪೊರೆ ಕಟ್ಟಿತೆಂದು ಅವತ್ತೇ ಹೈವೇಗೆ ಇಳಿಸಬೇಡಿ.

ಫೈರ್‌ವಾಲ್‌ನಲ್ಲಿ ಮೊದಲು ಕಾರ್ಖಾನೆಯದೇ ಖಾಲಿ ತೂತು, ರಬ್ಬರ್ ಮುಚ್ಚಳ ಇದೆಯೇ ನೋಡಿ. ಸ್ಟಿಯರಿಂಗ್ ರಾಡ್ ಸುತ್ತ, ಪೆಡಲ್ ಮೇಲ್ಗಡೆ ಹುಡುಕಿದರೆ ಎಷ್ಟೋ ಗಾಡಿಗಳಲ್ಲಿ ಸಿಗುತ್ತದೆ. ಕೊರೆಯಲೇಬೇಕಾದರೆ ಬ್ರೇಕ್ ಪೈಪು, ಎ.ಸಿ. ಪೈಪು, ಹೀಟರ್ ಬಾಕ್ಸ್, ವೈರಿಂಗ್ ಕಟ್ಟು ಎಲ್ಲಿವೆ ಎಂದು ಎರಡೂ ಕಡೆಯಿಂದ ಕೈ ಹಾಕಿ ನೋಡಿ. ಒಳಗಡೆ ದಪ್ಪ ಶಬ್ದನಿರೋಧಕ ಫೆಲ್ಟು ಇರುತ್ತದೆ, ಬಿಟ್ಟು ಅದನ್ನು ಸುತ್ತಿಕೊಂಡರೆ ಡ್ರಿಲ್ ನಿಂತುಬಿಡುತ್ತದೆ. ಮೊದಲೇ ಬ್ಲೇಡಿನಿಂದ ಕಿಟಕಿ ಕತ್ತರಿಸಿ ತೆಗೆಯಿರಿ. 16 ಚದರ ಮಿ.ಮೀ. ಕೇಬಲ್ಲಿಗೆ ತೂತಿನ ಅಳತೆ ಹೇಳುವುದು ಕೇಬಲ್ ಅಲ್ಲ, ಗ್ರೊಮೆಟ್. ಗ್ರೊಮೆಟ್ ಹೊರಸುತ್ತಲಿನ ಕಚ್ಚು (ತಗಡು ಕೂರುವ ಸೀಳು) ಎಷ್ಟು ವ್ಯಾಸವಿದೆಯೋ ಅಷ್ಟೇ ಕೊರೆಯಿರಿ, ಕ್ರಿಂಪ್ ಮಾಡಿದ ಲಗ್ (ಕೇಬಲ್ ತುದಿಗೆ ಒತ್ತಿ ಕೂರಿಸುವ ಲೋಹದ ತುಂಡು) ತೂರುವಂತೆ ದೊಡ್ಡದು ಮಾಡಬೇಡಿ. ಲಗ್ ಆಮೇಲೆ ಕ್ರಿಂಪ್ ಮಾಡಿದರಾಯಿತು. ಗ್ರೊಮೆಟ್ ಕಚ್ಚಿನ ಅಗಲ ಹೆಚ್ಚಾಗಿ ಒಂದೂವರೆ ಮಿ.ಮೀ. ಇರುತ್ತದೆ, ತಗಡು ಅದರ ಅರ್ಧ. ಅದಕ್ಕೇ ಎಂಜಿನ್ ಕಡೆ ಸುತ್ತಲೂ ಸೀಲಂಟ್ ಬೇಕು. ಕೇಬಲ್ಲನ್ನು ತೂತಿಗೆ ಬರುವ ಮೊದಲು ಎಂಜಿನ್ ಕಡೆಯೇ ಒಮ್ಮೆ ಕೆಳಕ್ಕೆ ಬಾಗಿಸಿ ಮೇಲೆ ತಂದರೆ ನೀರು ಬಾಗಿನಲ್ಲೇ ತೊಟ್ಟಿಕ್ಕುತ್ತದೆ. ಗ್ರೊಮೆಟ್ ಕಳಚಿ ಕೇಬಲ್ ಸಿಪ್ಪೆ ತಗಡಿಗೆ ಉಜ್ಜಿದರೆ ಬೆಂಕಿಯೇ. ಆದ್ದರಿಂದ ಬ್ಯಾಟರಿ ಟರ್ಮಿನಲ್‌ನಿಂದ ಒಂದು ಗೇಣಿನೊಳಗೆ ಫ್ಯೂಸ್ ಇರಲೇಬೇಕು, ತೂತು ಎಷ್ಟೇ ಚೊಕ್ಕವಾಗಿರಲಿ.

ಸುಮಾರು 14 ಇಂಚು ಚೌಕದ ರೂಫ್ ಫ್ಯಾನಿನಂಥ ದೊಡ್ಡ ಕಿಂಡಿಗೆ ಜಿಗ್‌ಸಾ ಬೇಕು. ನಾಲ್ಕು ಮೂಲೆಗೂ 12 ಮಿ.ಮೀ. ತೂತು ಹಾಕಿ ಅವುಗಳ ನಡುವೆ ಕತ್ತರಿಸಿ. ಚೂಪು ಮೂಲೆ ಬಿಟ್ಟರೆ ಗಾಡಿಯ ಅಲುಗಾಟಕ್ಕೆ ಅಲ್ಲಿಂದ ಬಿರುಕು ಬಿಡುತ್ತದೆ. ಸಿಗುವುದರಲ್ಲಿ ಅತಿ ಸಣ್ಣ ಹಲ್ಲಿನ ಬ್ಲೇಡ್, ಜಿಗ್‌ಸಾ ಅಡಿಗೆ ಟೇಪು. ಕೊನೆಯ ಬದಿ ಕತ್ತರಿಸುವ ಮೊದಲು ಒಳತುಂಡನ್ನು ಅಗಲ ಟೇಪಿನಿಂದ ರೂಫಿಗೆ ಕಟ್ಟಿಹಾಕಿ, ಇಲ್ಲದಿದ್ದರೆ ಅದು ಜೋತು ಬಿದ್ದು ಮೂಲೆಯನ್ನು ಹರಿಯುತ್ತದೆ. ಇಂಥ ದೊಡ್ಡ ಬದಲಾವಣೆಗೆ ಮೊದಲು ಆರ್.ಟಿ.ಓ.ದಲ್ಲಿ ಕೇಳಿಕೊಳ್ಳಿ, ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಗಾಡಿಯ ಮಾರ್ಪಾಡಿನ ಬಗ್ಗೆಯೇ ಇದೆ. ಲಾರಿ ಚಾಸಿಯ ಮೇಲಿನ, ಕೆಳಗಿನ ಅಂಚಿಗೆ, ಬಾಗಿಲ ನಡುವಿನ ಕಂಬಕ್ಕೆ ಯಾವ ಅಳತೆಯ ತೂತೂ ಬೇಡ. ಭಾರ ಹೊರುವುದು ಅವೇ.

ತಪ್ಪು ಜಾಗದಲ್ಲಿ ಬಿದ್ದ ತೂತನ್ನು ವೆಲ್ಡ್ ಮಾಡಿಸಲು ಹೊರಟರೆ ರೂಫ್ ತಗಡು ಬಿಸಿಗೆ ಸೊಟ್ಟಗಾಗಿ, ಟಿಂಕರಿಂಗ್, ಪೇಂಟಿಂಗ್ ಎಂದು ಕೆಲಸ ಬೆಳೆಯುತ್ತದೆ. ತೂತಿಗಿಂತ ಸುತ್ತಲೂ ಒಂದೂವರೆ ಸೆಂ.ಮೀ. ದೊಡ್ಡದಾದ ತಗಡಿನ ಬಿಲ್ಲೆ ಕತ್ತರಿಸಿ, ಒಳಮೈಯಿಂದ ಪ್ಯಾನೆಲ್ ಬಾಂಡ್ ಅಂಟು ಹಚ್ಚಿ, ಗಟ್ಟಿಯಾಗುವವರೆಗೆ ಅಯಸ್ಕಾಂತಗಳಿಂದ ಹಿಡಿಸಿ. ಮೇಲಿನ ಗುಳಿಗೆ ಎಪಾಕ್ಸಿ ತುಂಬಿ ಉಜ್ಜಿ. ಮಾಮೂಲಿ ಬಾಡಿ ಪುಟ್ಟಿ ನೀರು ಹೀರುವುದರಿಂದ ಅಲ್ಲಿ ಅದನ್ನು ಹಾಕಬೇಡಿ.