ನಿಮ್ಮ ಸಂಸಾರಕ್ಕೆ ಒಗ್ಗುವ ಬೀದಿ ಯಾವುದು? ತುಮಕೂರಿನಲ್ಲಿ ಮನೆ ಆರಿಸಿಕೊಳ್ಳುವ ಬಗೆ

ತುಮಕೂರಿನಲ್ಲಿ ಮನೆ ಹುಡುಕುವವರೆಲ್ಲ ಹೆಚ್ಚುಕಡಿಮೆ ಒಂದೇ ಪ್ರಶ್ನೆಗಳನ್ನು ಕೇಳುತ್ತಾರೆ. ಬಾಡಿಗೆ ಎಷ್ಟು, ಅಡ್ವಾನ್ಸ್ ಎಷ್ಟು, ಬಾಗಿಲು ಯಾವ ದಿಕ್ಕಿಗೆ, ಹೇಮಾವತಿ ನೀರು ಬರುತ್ತದೆಯೇ, ಬಿ.ಎಚ್. ರಸ್ತೆಗೆ ಎಷ್ಟು ದೂರ. ಕೊಳ್ಳುವವರಾದರೆ ಇದರ ಜೊತೆಗೆ ಖಾತೆಯ ವಿಚಾರ, ಚದರಡಿಯ ದರ. ಎಲ್ಲವೂ ಕೇಳಲೇಬೇಕಾದ ಪ್ರಶ್ನೆಗಳೇ. ಆದರೆ ಆ ಬೀದಿಯಲ್ಲಿ ಹತ್ತು ವರ್ಷ ಬಾಳಿದರೆ ಮಕ್ಕಳು ಯಾರ ಜೊತೆ ಆಡಿ ಬೆಳೆಯುತ್ತಾರೆ, ಅಜ್ಜಿಗೆ ಮಾತಿಗೆ ಜನ ಸಿಗುತ್ತಾರೆಯೇ, ಮನೆಮಂದಿ ರಾತ್ರಿ ಒಟ್ಟಿಗೆ ಊಟಕ್ಕೆ ಕೂರಲು ಆಗುತ್ತದೆಯೇ ಎಂಬ ಪ್ರಶ್ನೆಗಳಿಗೆ ಬ್ರೋಕರ್ ಬಳಿ ಉತ್ತರವಿಲ್ಲ. ಅವನ್ನು ಮನೆ ನೋಡಲು ಹೊರಡುವ ಮುಂಚೆಯೇ ನಮ್ಮೊಳಗೆ ಕೇಳಿಕೊಳ್ಳಬೇಕು.

ಈ ಊರಿಗೆ ಬರುವ ಸಂಸಾರಗಳಲ್ಲಿ ಎರಡು ಬಗೆಯವು ಎದ್ದು ಕಾಣುತ್ತವೆ. ತಿಪಟೂರು, ಗುಬ್ಬಿ, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆಯ ತೆಂಗಿನ ತೋಟಗಳನ್ನು ಹಿರಿಯರ ಕೈಗೆ ಬಿಟ್ಟು ಮಕ್ಕಳ ಓದಿಗೆಂದು ಬರುವವರು ಒಂದು ಕಡೆ. ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿನಲ್ಲಿ ದುಡಿಯುತ್ತಾ, ಅಲ್ಲಿನ ಬಾಡಿಗೆ ಮತ್ತು ಗದ್ದಲ ಸಾಕೆನಿಸಿ ಬರುವವರು ಇನ್ನೊಂದು ಕಡೆ. ಮೊದಲನೆಯವರು ಊರಿನ ನಂಟನ್ನೂ ಎರಡನೆಯವರು ಸಮಯವನ್ನೂ ಕಳೆದುಕೊಳ್ಳುವ ಅಪಾಯದಲ್ಲಿರುತ್ತಾರೆ. ಇಬ್ಬರೂ ಮುಂದಿನ ಹೆಜ್ಜೆಗಳನ್ನು ಇದೇ ಕ್ರಮದಲ್ಲಿ ಇಡುವುದು ಒಳ್ಳೆಯದು.

ಮೊದಲ ಹೆಜ್ಜೆ: ಪ್ರತಿಯೊಬ್ಬರೂ ಬೇರೆ ಬೇರೆಯಾಗಿ ಬರೆಯಿರಿ

ಮನೆಯ ಪ್ರತಿಯೊಬ್ಬರ ಕೈಗೂ ಒಂದೊಂದು ಹಾಳೆ ಕೊಡಿ. ಅಕ್ಷರ ಬಾರದ ಅಜ್ಜಿ ಹೇಳಲಿ, ಮೊಮ್ಮಗಳು ಬರೆದುಕೊಳ್ಳಲಿ. ಬರೆಯಬೇಕಾದುದು ಒಂದೇ: ಈ ಮನೆಯಲ್ಲಿ ಏನು ತಪ್ಪದೆ ನಡೆಯಬೇಕು? "ಹಿರಿಯರಿಗೆ ಗೌರವ", "ಕನ್ನಡದ ಪ್ರೀತಿ", "ಸರಳ ಜೀವನ" ಎಂದು ಬರೆದರೆ ಮನೆ ಹುಡುಕಲು ಪ್ರಯೋಜನವಿಲ್ಲ. ಅದನ್ನು ಕಣ್ಣಿಗೆ ಕಾಣುವ ಕೆಲಸವಾಗಿ ಬದಲಿಸಿ. ಹಿರಿಯರಿಗೆ ಗೌರವ ಎಂಬುದು "ಅಪ್ಪ ಯಾರನ್ನೂ ಕಾಯದೆ ಬೆಳಿಗ್ಗೆ ನಡೆದುಹೋಗಿ ಪತ್ರಿಕೆ ಓದಿ, ಗೆಳೆಯರೊಡನೆ ಕಾಫಿ ಕುಡಿದು ಬರಬೇಕು" ಎಂದಾಗಲಿ. ಕನ್ನಡದ ಪ್ರೀತಿ ಎಂಬುದು "ಮಕ್ಕಳು ವಾರಕ್ಕೊಮ್ಮೆ ಗ್ರಂಥಾಲಯಕ್ಕೆ ಹೋಗಬೇಕು, ಗುಬ್ಬಿ ವೀರಣ್ಣ ರಂಗಮಂದಿರದಲ್ಲಿ ನಾಟಕವಿದ್ದರೆ ರಾತ್ರಿ ಮನೆಗೆ ಮರಳಲು ಕಷ್ಟವಾಗಬಾರದು" ಎಂದಾಗಲಿ. ಮಣ್ಣಿನ ನಂಟು ಉಳಿಯಬೇಕೆನ್ನುವವರು ತಿಂಗಳಿಗೆ ಎಷ್ಟು ಸಲ ತೋಟಕ್ಕೆ ಹೋಗುತ್ತೇವೆ ಎಂದು ಬರೆಯಲಿ.

ಎಲ್ಲ ಹಾಳೆಗಳನ್ನೂ ನೆಲದ ಮೇಲೆ ಹರಡಿಕೊಂಡು ಓದಿ. ಸೊಸೆಯ ಹಾಳೆಯನ್ನು ಮೊದಲು ಓದಬೇಕೆಂಬುದು ನನ್ನ ಒತ್ತಾಯ. ಮನೆ ಬದಲಾದಾಗ ದಿನಚರಿ ಹೆಚ್ಚು ಬದಲಾಗುವುದು ಅವಳದೇ. ಅಭಿಪ್ರಾಯ ಕೊನೆಗೆ ಕೇಳುವುದೂ ಅವಳದೇ. ಕೊನೆಗೆ ಎಲ್ಲರೂ ಒಪ್ಪುವ ಮೂರು ಸಾಲುಗಳನ್ನು ಆರಿಸಿಕೊಳ್ಳಿ. ಎಲ್ಲವನ್ನೂ ಕೊಡುವ ಬೀದಿ ಎಲ್ಲೂ ಇಲ್ಲ. ಈ ಮೂರನ್ನು ಮಾತ್ರ ಬಿಟ್ಟುಕೊಡಬೇಡಿ.

ಎರಡನೆಯ ಹೆಜ್ಜೆ: ದಾರಿಯ ಹೊತ್ತನ್ನು ಬಾಗಿಲಿನಿಂದ ಬಾಗಿಲಿಗೆ ಅಳೆಯಿರಿ

"ಬೆಂಗಳೂರಿಗೆ ಒಂದೂವರೆ ಗಂಟೆ" ಎಂಬ ಮಾತನ್ನು ನಂಬಿ ಮುಂಗಡ ಕೊಡಬೇಡಿ. ಅದು ನಿಲ್ದಾಣದಿಂದ ನಿಲ್ದಾಣಕ್ಕೆ. ಮನೆಯಿಂದ ತುಮಕೂರು ನಿಲ್ದಾಣ, ಅಲ್ಲಿ ಕಾಯುವ ಹೊತ್ತು, ಯಶವಂತಪುರದಲ್ಲಿ ಇಳಿದು ಮೆಟ್ರೊ ಹತ್ತುವುದು, ಕಚೇರಿಯ ಮೆಟ್ಟಿಲವರೆಗಿನ ನಡಿಗೆ ಎಲ್ಲವನ್ನೂ ಕೂಡಿಸಿ. ಬಸ್ಸಿನಲ್ಲಿ ಹೋಗುವವರಿಗೆ 2024ರ ನವೆಂಬರ್‌ನಿಂದ ಒಂದು ಅನುಕೂಲವಾಗಿದೆ. ಹಸಿರು ಮಾರ್ಗದ ಮೆಟ್ರೊ ನಾಗಸಂದ್ರದಿಂದ ಮಾದಾವರದವರೆಗೆ ಬಂದಿರುವುದರಿಂದ ತುಮಕೂರು ರಸ್ತೆಯಲ್ಲೇ ಇಳಿದು ಮೆಟ್ರೊ ಹಿಡಿಯಬಹುದು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಣ್ಣುಮಕ್ಕಳಿಗೆ ಸರ್ಕಾರಿ ಸಾಮಾನ್ಯ ಬಸ್ಸಿನ ಖರ್ಚು ಇಲ್ಲ. ಲೆಕ್ಕ ಹಾಕುವಾಗ ಅದನ್ನೂ ಸೇರಿಸಿ.

ಆ ಲೆಕ್ಕವನ್ನು ನಿಮ್ಮ ಮೂರು ಸಾಲುಗಳ ಪಕ್ಕ ಇಡಿ. ಬೆಳಿಗ್ಗೆ ಆರಕ್ಕೆ ಹೊರಟು ರಾತ್ರಿ ಒಂಬತ್ತಕ್ಕೆ ಮನೆ ಸೇರುವ ಅಪ್ಪ ಅಥವಾ ಅಮ್ಮ ವಾರದ ದಿನಗಳಲ್ಲಿ ಮಗುವನ್ನು ನೋಡುವುದು ಅದು ನಿದ್ದೆಯಲ್ಲಿರುವಾಗ ಮಾತ್ರ. "ಒಟ್ಟಿಗೆ ಇರುವುದು" ನಿಮ್ಮ ಮೊದಲ ಸಾಲಾಗಿದ್ದರೆ, ಉಳಿತಾಯವಾಗುವ ಬಾಡಿಗೆಗಿಂತ ಕಳೆದುಹೋಗುವ ಹೊತ್ತು ದುಬಾರಿ. ಅಂಥವರು ರೈಲು ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ, ಸಣ್ಣದಾದರೂ ಸರಿ, ಮನೆ ಹಿಡಿಯಲಿ. ಕ್ಯಾತ್ಸಂದ್ರದಲ್ಲೂ ನಿಲ್ದಾಣವಿದೆ, ಆದರೆ ಎಲ್ಲ ರೈಲುಗಳೂ ಅಲ್ಲಿ ನಿಲ್ಲುವುದಿಲ್ಲ. ಇಲ್ಲವೇ ಈ ಜಿಲ್ಲೆಯಲ್ಲೇ ಕೆಲಸ ಹುಡುಕುವ ದಾರಿಯಿದೆ. ವಸಂತನರಸಾಪುರ, ಹಿರೇಹಳ್ಳಿ, ಅಂತರಸನಹಳ್ಳಿಗಳಲ್ಲಿ ಕೈಗಾರಿಕಾ ಪ್ರದೇಶಗಳಿವೆ. ಗುಬ್ಬಿ ತಾಲ್ಲೂಕಿನಲ್ಲಿ 2023ರಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆಯಾಗಿದೆ. ಸಂಬಳ ಸ್ವಲ್ಪ ಕಡಿಮೆಯಾದರೂ ಸಂಜೆ ಆರಕ್ಕೆ ಮನೆಯಲ್ಲಿರುವ ಬದುಕನ್ನು ಅನೇಕರು ತೂಗಿ ನೋಡುವುದೇ ಇಲ್ಲ. ನೋಡಬೇಕು.

ಮೂರನೆಯ ಹೆಜ್ಜೆ: ನೀರಿನ ಬಗ್ಗೆ ಪೂರ್ತಿ ತಿಳಿದುಕೊಳ್ಳಿ

ಹಾಸನ ಜಿಲ್ಲೆಯ ಗೊರೂರಿನಲ್ಲಿರುವ ಹೇಮಾವತಿ ಜಲಾಶಯದಿಂದ ನಾಲೆಯಲ್ಲಿ ಬಂದ ನೀರು ಬುಗುಡನಹಳ್ಳಿ ಕೆರೆಯಲ್ಲಿ ಸಂಗ್ರಹವಾಗಿ ತುಮಕೂರು ನಗರಕ್ಕೆ ಪೂರೈಕೆಯಾಗುತ್ತದೆ. ಮಳೆಗಾಲ ಕೈಕೊಟ್ಟ ವರ್ಷ ನಾಲೆಗೂ ಕೆರೆಗೂ ಬರ. ಆದ್ದರಿಂದ "ಹೇಮಾವತಿ ನೀರು ಇದೆ" ಎಂಬ ಒಂದು ಮಾತಿಗೆ ಸಮಾಧಾನಪಟ್ಟುಕೊಳ್ಳದೆ ಮುಂದಿನ ಪ್ರಶ್ನೆಗಳನ್ನು ಕೇಳಿ. ಎಷ್ಟು ದಿನಕ್ಕೊಮ್ಮೆ ಬಿಡುತ್ತಾರೆ? ಯಾವ ಹೊತ್ತಿನಲ್ಲಿ? ಏಪ್ರಿಲ್, ಮೇ ತಿಂಗಳಲ್ಲಿ ಏನಾಗುತ್ತದೆ? ಸಂಪು ಎಷ್ಟು ದೊಡ್ಡದು, ಎಷ್ಟು ಮನೆಗಳಿಗೆ ಹಂಚಿಕೆಯಾಗುತ್ತದೆ? ಉತ್ತರವನ್ನು ಮಾಲೀಕರಿಂದಲ್ಲ, ಅಕ್ಕಪಕ್ಕದ ಮನೆಯ ಹೆಂಗಸರಿಂದ ಕೇಳಿ. ವಾಟರ್‌ಮನ್ ಸಿಕ್ಕರೆ ಇನ್ನೂ ಒಳ್ಳೆಯದು.

ನೀರು ಬರುವ ಹೊತ್ತಿನಲ್ಲಿ ಮನೆಯಲ್ಲಿ ಯಾರಿರಬೇಕು ಎಂಬುದು ಮೌಲ್ಯದ ಪ್ರಶ್ನೆಯೂ ಹೌದು. ಹೆಣ್ಣುಮಕ್ಕಳು ಹೊರಗೆ ದುಡಿಯಬೇಕು, ಓದಬೇಕು ಎಂದು ಹಾಳೆಯಲ್ಲಿ ಬರೆದ ಮನೆಯವರು, ಮಧ್ಯಾಹ್ನ ಎರಡಕ್ಕೋ ನಡುರಾತ್ರಿಯೋ ನಲ್ಲಿ ಕಾಯಬೇಕಾದ ಬೀದಿಗೆ ಹೋದರೆ ಆ ಮಾತು ವಾರದೊಳಗೆ ಮುರಿದುಬೀಳುತ್ತದೆ. ಕಾಯುವವಳು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಹೊರವಲಯದ ಹೊಸ ಲೇಔಟ್‌ಗಳಲ್ಲಿ ಬೋರ್‌ವೆಲ್ಲೇ ಗತಿ. ಜಿಲ್ಲೆಯ ಪಾವಗಡ, ಶಿರಾ, ಮಧುಗಿರಿ ಕಡೆಯ ಅಂತರ್ಜಲದಲ್ಲಿ ಫ್ಲೋರೈಡ್ ತೊಂದರೆ ಹಳೆಯದು. ಕೋಲಾರ, ಚಿಕ್ಕಬಳ್ಳಾಪುರಕ್ಕೆ ಹೋಗಿ ನೆಲೆಸುವವರಿಗೂ ಇದೇ ಎಚ್ಚರಿಕೆ ಬೇಕು. ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಒಪ್ಪಬಹುದು. ಅದಕ್ಕಿಂತ ಹೆಚ್ಚಾದ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆಳೆಯುವ ಮಕ್ಕಳ ಹಲ್ಲಿನಲ್ಲಿ ಕಲೆ ಮೂಡುತ್ತದೆ, ಪ್ರಮಾಣ ತೀರಾ ಮೀರಿದರೆ ಮೂಳೆಗೂ ಕೇಡು. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪಾಲು ಹೆಚ್ಚುತ್ತದೆ. ಒಂದು ಬಾಟಲಿ ನೀರು ಹಿಡಿದು ಪ್ರಯೋಗಾಲಯದಲ್ಲಿ ಪರೀಕ್ಷೆ ಮಾಡಿಸಿ, ವರದಿ ಕೈಗೆ ಬಂದ ಮೇಲೆ ಮುಂಗಡ ಕೊಡಿ.

ನಾಲ್ಕನೆಯ ಹೆಜ್ಜೆ: "ನೀವು ಯಾವ ಜನ?" ಎಂಬ ಪ್ರಶ್ನೆಗೆ ಉತ್ತರ ಸಿದ್ಧವಿರಲಿ

ಬಾಡಿಗೆ ಮನೆ ಹುಡುಕಿದ ಯಾರಿಗೂ ಈ ಪ್ರಶ್ನೆ ಹೊಸದಲ್ಲ. ಕೆಲವರು ಬಾಗಿಲಲ್ಲೇ ಕೇಳುತ್ತಾರೆ, ಕೆಲವರು ಹೆಸರು, ಊರು, ಮನೆದೇವರನ್ನು ವಿಚಾರಿಸುತ್ತಾ ಅಲ್ಲಿಗೇ ಬರುತ್ತಾರೆ. "ಸಸ್ಯಾಹಾರಿಗಳಿಗೆ ಮಾತ್ರ" ಎಂಬ ಫಲಕವೂ ಅನೇಕ ಸಲ ಅದೇ ಪ್ರಶ್ನೆಯ ಇನ್ನೊಂದು ರೂಪ. ದಲಿತರಿಗೆ, ಮುಸ್ಲಿಮರಿಗೆ ಈ ಪ್ರಶ್ನೆಯೆಂದರೆ ಬಹಳ ಸಲ ಮುಚ್ಚಿದ ಬಾಗಿಲೇ. ಅಡ್ವಾನ್ಸ್ ಮಾತಾಗುವ ಮುಂಚೆಯೇ ವಿಷಯ ತಿಳಿದರೆ ಅವಮಾನದ ಜೊತೆಗೆ ಹಣದ ನಷ್ಟವಾದರೂ ತಪ್ಪುತ್ತದೆ.

ಆದರೆ ಈ ಪ್ರಶ್ನೆಗೆ "ಸರಿಯಾದ" ಉತ್ತರ ಇರುವ ಸಂಸಾರಗಳಿಗೆ ನಾನು ಮುಖ್ಯವಾಗಿ ಹೇಳಬೇಕಾದುದಿದೆ. ಎಲ್ಲ ಮನುಷ್ಯರೂ ಒಂದೇ ಎಂದು ಮಕ್ಕಳಿಗೆ ಕಲಿಸುವ ತಂದೆತಾಯಿ, ಜಾತಿ ಕೇಳಿ ಬೀಗದ ಕೈ ಕೊಡುವ ಮನೆಯನ್ನು ಹಿಡಿಯಬಹುದೇ? ಮಗು ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುತ್ತದೆ. ತನಗೆ ಮನೆ ಸಿಕ್ಕದ್ದು, ತನ್ನ ತರಗತಿಯ ಗೆಳತಿಗೆ ಅದೇ ಮನೆ ಸಿಗದೆ ಹೋದದ್ದು ಯಾಕೆಂದು ಅದಕ್ಕೆ ಒಂದು ದಿನ ಅರ್ಥವಾಗುತ್ತದೆ. "ನಾವು ಅದನ್ನು ಹೇಳಿ ಮನೆ ಹಿಡಿಯುವವರಲ್ಲ, ಬಾಡಿಗೆ ಸರಿಯಾಗಿ ಕೊಡುತ್ತೇವೆ, ಮನೆ ಚೊಕ್ಕಟವಾಗಿ ಇಟ್ಟುಕೊಳ್ಳುತ್ತೇವೆ" ಎಂದು ನಗುಮುಖದಿಂದಲೇ ಹೇಳಿ ನೋಡಿ. ಒಪ್ಪಿದರೆ ಒಳ್ಳೆಯ ಮಾಲೀಕರು ಸಿಕ್ಕರು; ಒಪ್ಪದಿದ್ದರೆ ಇನ್ನೊಂದು ಬೀದಿ.

ಈ ಮಾತಿಗೆ ಬಲ ಕೊಡುವ ಪರಂಪರೆ ಇದೇ ನೆಲದಲ್ಲಿದೆ. 1907ರಲ್ಲಿ ಹುಟ್ಟಿ 2019ರ ಜನವರಿಯಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮೀಜಿಯವರು ಸಿದ್ಧಗಂಗಾ ಮಠದಲ್ಲಿ ಎಲ್ಲ ಜಾತಿ ಮತಗಳ ಸಾವಿರಾರು ಮಕ್ಕಳಿಗೆ ಅನ್ನ, ಅಕ್ಷರ, ಆಶ್ರಯ ಕೊಟ್ಟರು. ಅಲ್ಲಿ ಒಂದೇ ಪಂಕ್ತಿಯಲ್ಲಿ ಕೂತು ಉಂಡ ಹುಡುಗರು ಇಂದು ನಾಡಿನ ತುಂಬ ಮನೆ ಮಾಲೀಕರಾಗಿದ್ದಾರೆ.

ಬೀದಿಯಲ್ಲಿ ಎಲ್ಲ ಬಗೆಯ ಜನರಿದ್ದಾರೆಯೇ ಎಂದು ತಿಳಿಯುವುದು ಕಷ್ಟವಲ್ಲ. ಸಂಜೆ ಮಕ್ಕಳು ಆಡುವಾಗ ಒಬ್ಬರನ್ನೊಬ್ಬರು ಕೂಗುವ ಹೆಸರುಗಳನ್ನು ಕೇಳಿ. ಗಣೇಶನ ಹಬ್ಬದ ಪೆಂಡಾಲಿಗೆ ಯಾರು ಯಾರು ಕೈಜೋಡಿಸುತ್ತಾರೆ, ರಂಜಾನ್ ದಿನ ಯಾವ ಮನೆಯ ಪಾತ್ರೆ ಯಾವ ಮನೆಗೆ ಹೋಗುತ್ತದೆ ಎಂದು ಅಂಗಡಿಯವರನ್ನು ವಿಚಾರಿಸಿ. ಗೃಹ ಮಂಡಳಿ, ನಗರಾಭಿವೃದ್ಧಿ ಪ್ರಾಧಿಕಾರದ ಬಡಾವಣೆಗಳಲ್ಲಿ ಹಂಚಿಕೆಗೆ ಮೀಸಲಾತಿ ಇರುವುದರಿಂದ ಬೇರೆ ಬೇರೆ ಸಮುದಾಯದವರು ಅಕ್ಕಪಕ್ಕ ನೆಲೆಸಿರುವ ಸಾಧ್ಯತೆ ಹೆಚ್ಚು. ಹುಡುಕಾಟವನ್ನು ಅಲ್ಲಿಂದಲೇ ಶುರುಮಾಡಬಹುದು.

ಐದನೆಯ ಹೆಜ್ಜೆ: ಮೊದಲು ಶಾಲೆ, ಆಮೇಲೆ ಮನೆ

ಮನೆ ಹಿಡಿದ ಮೇಲೆ ಶಾಲೆ ಹುಡುಕುವವರ ಮಕ್ಕಳು ದಿನವೂ ವ್ಯಾನಿನಲ್ಲಿ ಊರು ಸುತ್ತುತ್ತಾರೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಆಶಯವೇ ನೆರೆಹೊರೆಯ ಶಾಲೆ. ಕೇಂದ್ರದ ನಿಯಮಗಳಲ್ಲಿ ಐದನೆಯ ತರಗತಿಯವರೆಗೆ 1 ಕಿಲೋಮೀಟರ್, ಎಂಟನೆಯವರೆಗೆ 3 ಕಿಲೋಮೀಟರ್ ಒಳಗೆ ಶಾಲೆ ಇರಬೇಕೆಂದಿದೆ. ನಡೆದು ಹೋಗುವ ಮಗುವಿಗೆ ದಾರಿಯಲ್ಲಿ ಗೆಳೆಯರು ಸಿಗುತ್ತಾರೆ, ಬೀದಿ ಪರಿಚಯವಾಗುತ್ತದೆ. ಶಾಲೆ ಸರ್ಕಾರಿಯೋ ಖಾಸಗಿಯೋ, ಮಾಧ್ಯಮ ಯಾವುದು ಎಂಬುದನ್ನು ನಿಮ್ಮ ಹಾಳೆಗಳು ಹೇಳಲಿ. ಆದರೆ ಸರ್ಕಾರಿ ಶಾಲೆಯನ್ನು ನೋಡದೆಯೇ ತಳ್ಳಿಹಾಕಬೇಡಿ. ಮಧ್ಯಾಹ್ನದ ಊಟದ ಹೊತ್ತಿಗೆ ಹೋಗಿ ಹತ್ತು ನಿಮಿಷ ನಿಂತು ನೋಡಿ, ಶಿಕ್ಷಕರನ್ನು ಮಾತಾಡಿಸಿ.

ಆರನೆಯ ಹೆಜ್ಜೆ: ಮಳೆ ಬರುವಾಗ, ಕರೆಂಟ್ ಹೋದಾಗ ನೋಡಿ

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಎಲ್ಲ ಬೀದಿಗಳೂ ಚೆನ್ನಾಗಿಯೇ ಕಾಣುತ್ತವೆ. ರಾತ್ರಿ ಎಂಟರ ನಂತರ ಮನೆಯ ಹೆಣ್ಣುಮಕ್ಕಳೇ ಬಸ್ ನಿಲ್ದಾಣದಿಂದ ಆ ಮನೆಯವರೆಗೆ ನಡೆದು ನೋಡಲಿ. ಜೋರು ಮಳೆಯ ಮಾರನೆಯ ದಿನ ಒಂದು ಸುತ್ತು ಹೋಗಿ ಬನ್ನಿ. ತುಮಕೂರಿನ ಸುತ್ತ ಕೆರೆಗಳು, ಕೆರೆಗೆ ಹರಿಯುವ ಹಳ್ಳಗಳು ಬಹಳ. ಸೈಟು ರಾಜಕಾಲುವೆಗೋ ಕೆರೆಯಂಗಳಕ್ಕೋ ತಾಗಿದೆಯೇ ಎಂಬುದನ್ನು ಭೂಮಾಪನ ಇಲಾಖೆಯ ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ತೆರೆದು ನೋಡಬಹುದು. ವಯಸ್ಸಾದವರಿದ್ದರೆ ಬೆಳಗಿನ ನಡಿಗೆಗೆ ಏನಿದೆ ನೋಡಿ; ಅಮಾನಿಕೆರೆಯ ಹತ್ತಿರ ಮನೆ ಸಿಕ್ಕವರಿಗೆ ಆ ಚಿಂತೆ ಇಲ್ಲ.

ಏಳನೆಯ ಹೆಜ್ಜೆ: ಮೊದಲು ಬಾಡಿಗೆಗೆ ಇದ್ದು ನೋಡಿ

ಕೊಳ್ಳುವ ಹಣ ಕೈಯಲ್ಲಿದ್ದರೂ ಆ ಬಡಾವಣೆಯಲ್ಲಿ ಹನ್ನೊಂದು ತಿಂಗಳು ಬಾಡಿಗೆಗಿರಿ. ಒಂದು ಬೇಸಿಗೆ, ಒಂದು ಮಳೆಗಾಲ, ಒಂದು ಪರೀಕ್ಷೆಯ ಕಾಲ ಅದರಲ್ಲಿ ಬಂದುಹೋಗುತ್ತವೆ. ಒಂದು ವರ್ಷ ಮೀರಿದ ಅವಧಿಯ ಗುತ್ತಿಗೆ ಪತ್ರವನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾದ್ದರಿಂದ ಹನ್ನೊಂದು ತಿಂಗಳ ಕರಾರು ರೂಢಿಯಲ್ಲಿದೆ. ಭೋಗ್ಯಕ್ಕೆ ದೊಡ್ಡ ಮೊತ್ತ ಕೊಡುವವರು ನೋಂದಣಿಯನ್ನು ಖಂಡಿತ ಬಿಡಬಾರದು. ತೋಟವಿರುವ ಸಂಸಾರಗಳು ಈ ಹನ್ನೊಂದು ತಿಂಗಳಲ್ಲಿ ಊರಿಗೆ ಎಷ್ಟು ಸಲ ಹೋದೆವು ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಲಿ. ಬರೆದದ್ದಕ್ಕೂ ನಡೆದದ್ದಕ್ಕೂ ಅಂತರ ದೊಡ್ಡದಿದ್ದರೆ ಗುಬ್ಬಿಯಲ್ಲೋ ತಿಪಟೂರಿನಲ್ಲೋ ಮನೆ ಮಾಡುವುದೇ ಲೇಸಾಗಬಹುದು. ಅಲ್ಲೂ ರೈಲು ಇದೆ, ಶಾಲೆ ಕಾಲೇಜುಗಳಿವೆ.

ಕೊಳ್ಳಲು ನಿರ್ಧರಿಸಿದ ಮೇಲೆ ಕಾಗದಪತ್ರ. ನೋಂದಣಿ ಇಲಾಖೆಯ ಕಾವೇರಿ ತಂತ್ರಾಂಶದಲ್ಲಿ ಋಣಭಾರ ಪ್ರಮಾಣಪತ್ರ (ಇ.ಸಿ.) ತೆಗೆಸಿ. ಹಳೆಯ ಕೃಷಿ ಜಮೀನಾದರೆ ಭೂಪರಿವರ್ತನೆಯ ಆದೇಶ, ಬಡಾವಣೆಯ ಅನುಮೋದಿತ ನಕ್ಷೆ, ಇ-ಖಾತೆ ನೋಡಿ. 500 ಚದರ ಮೀಟರಿಗಿಂತ ದೊಡ್ಡ ಹೊಸ ಲೇಔಟ್‌ಗೆ 2016ರ ಕಾಯ್ದೆಯಂತೆ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನೋಂದಣಿ ಸಂಖ್ಯೆ ಇರಬೇಕು. ಎಲ್ಲವನ್ನೂ ವಕೀಲರಿಗೆ ತೋರಿಸಿದ ಮೇಲೆ ಹಣದ ಮಾತು.

ನೆಲೆ ನಿಂತ ಮೇಲೆ ಮತದಾರರ ಪಟ್ಟಿಯಲ್ಲಿ ವಿಳಾಸ ಬದಲಿಸಲು ನಮೂನೆ 8 ಸಲ್ಲಿಸಿ. ನೀರು ಬಿಡುವ ಹೊತ್ತು, ಬೀದಿ ದೀಪ, ಚರಂಡಿಯ ಬಗ್ಗೆ ಪಾಲಿಕೆ ಸದಸ್ಯರನ್ನು ಕೇಳಲು ಆ ವಾರ್ಡಿನ ಮತವೇ ಆಧಾರ. ಮಕ್ಕಳನ್ನು ಸರ್ಕಾರಿ ಶಾಲೆಗೆ ಸೇರಿಸಿದವರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆ ಯಾವಾಗ ಎಂದು ಮುಖ್ಯ ಶಿಕ್ಷಕರನ್ನು ಕೇಳಿ ಗುರುತು ಹಾಕಿಕೊಳ್ಳಿ; ಅದರಲ್ಲಿ ಪೋಷಕರಿಗೆ ಸ್ಥಾನವಿದೆ.