ಕೃತಜ್ಞತೆಯ ಡೈರಿ ಬೇಜಾರಾಗಿದ್ಯಾ? ಹೀಗೆ ಮಾಡಿ ನೋಡಿ

'ಆರೋಗ್ಯ, ಮನೆ, ಮಕ್ಕಳು' ಅಂತ ದಿನಾ ಅದನ್ನೇ ಬರೆದರೆ ಯಾರಿಗಾದರೂ ವಾರದಲ್ಲೇ ಸಾಕಾಗುತ್ತೆ. ನನಗೂ ಆಗಿತ್ತು.

ಜಪಾನಿನ ಯೋಶಿಮೋಟೊ ಇಶಿನ್ ಅವರು ಬೌದ್ಧ ಪಂಥವೊಂದರ ಕಠಿಣ ಸಾಧನೆಯನ್ನು ಸರಳ ಮಾಡಿ 'ನೈಕನ್' ಅನ್ನೋ ಆತ್ಮಾವಲೋಕನದ ಕ್ರಮ ರೂಪಿಸಿದರು. ಒಬ್ಬರನ್ನಷ್ಟೇ ನೆನೆದು ಮೂರು ಪ್ರಶ್ನೆ: ಅವರಿಂದ ಏನು ಪಡೆದೆ? ಅವರಿಗೆ ಏನು ಕೊಟ್ಟೆ? ಅವರಿಗೆ ಏನು ತೊಂದರೆ ಮಾಡಿದೆ? ಅವರು ನಮಗೆ ಮಾಡಿದ ತೊಂದರೆ ಇಲ್ಲಿ ಲೆಕ್ಕಕ್ಕಿಲ್ಲ (ಅದು ಹೇಗೂ ಬಾಯಿಪಾಠ ಇರುತ್ತಲ್ಲ!). ಉತ್ತರದಲ್ಲಿ ಚಿಕ್ಕ, ನಿರ್ದಿಷ್ಟ ಘಟನೆ ಇರಲಿ. 'ಅಮ್ಮ ಪ್ರೀತಿಯಿಂದ ನೋಡಿಕೊಂಡಳು' ಅಂತಲ್ಲ. 'ರಾತ್ರಿ ಹನ್ನೊಂದಕ್ಕೆ ಬಂದಾಗ ಎದ್ದು ಬಾಗಿಲು ತೆಗೆದಳು'. ಮೂರನೇ ಪ್ರಶ್ನೆಯ ಉತ್ತರವೂ ಅಲ್ಲೇ ಇದೆ, ಅವಳ ನಿದ್ದೆ ಕೆಡಿಸಿದ್ದು ನಾನೇ.

ಕ್ಯಾಥೊಲಿಕರಲ್ಲಿ 16ನೇ ಶತಮಾನದ ಸಂತ ಇಗ್ನೇಷಿಯಸ್ ಲೊಯೋಲ ಹೇಳಿಕೊಟ್ಟ, ಕಳೆದ ದಿನವನ್ನು ತಿರುಗಿ ನೋಡುವ ಆತ್ಮಶೋಧನೆ ಇದೆ. ಅದರಲ್ಲಿ ಮೊದಲ ಹೆಜ್ಜೆಯೇ ಪಡೆದದ್ದಕ್ಕೆ ದೇವರಿಗೆ ವಂದನೆ; ತಪ್ಪಿನ ಲೆಕ್ಕ ಆಮೇಲೆ. ಈ ಕ್ರಮ ತಿರುಗಿಸಬೇಡಿ. ತಪ್ಪಿನಿಂದ ಶುರು ಮಾಡಿದ ರಾತ್ರಿ ನಾನು ಸರಿಯಾಗಿ ಮಲಗಿದ್ದೇ ಇಲ್ಲ.

ದೇವರನ್ನು ನಂಬದವರು ನೈಕನ್ ಮಾಡಬಹುದು, ಅಲ್ಲಿ ದೇವರ ಪ್ರಸ್ತಾಪವೇ ಬರಲ್ಲ. ಆದರೆ ನಿಮ್ಮನ್ನು ಹಿಂಸಿಸಿದವರನ್ನು ಮೊದಲ ದಿನವೇ ಮನಸ್ಸಿನಲ್ಲಿ ಎದುರಿಗೆ ಕೂರಿಸಿಕೊಳ್ಳಬೇಡಿ, ಸುಲಭದವರಿಂದ ಶುರು ಮಾಡಿ.