58 ಡಿಗ್ರಿಯ ಮೇಲೆ ನಡೆದ ಪೇಟೆಂಟ್ ವಾದ: ನನ್ನ ಅನುಭವ

ಬಿಸಿ ದ್ರಾವಣವನ್ನು ನಿಯಂತ್ರಿತವಾಗಿ ತಣಿಸಿ, ಹರಳುಗಟ್ಟಿಸಿ ಶುದ್ಧ ಮಾಡುವ ನಮ್ಮ ವಿಧಾನಕ್ಕೆ ಪೇಟೆಂಟ್ ಕೇಳಿದ್ದೆವು. ಪೇಟೆಂಟ್ ಕಚೇರಿಯ ಪರೀಕ್ಷಕರ ವರದಿ ಪೀಣ್ಯದ ನಮ್ಮ ಲ್ಯಾಬಿಗೆ ಬಂದ ದಿನ ನಿಜಕ್ಕೂ ನೊಂದುಕೊಂಡೆ. ಹರಳುಗಟ್ಟಿಸಿ ಶುದ್ಧ ಮಾಡುವುದು ಹಳೆಯದು, ತಣಿಸುವ ವೇಗ ಬದಲಿಸುವುದು ಯಾವ ಕೆಮಿಸ್ಟಿಗಾದರೂ ಹೊಳೆಯುವಂಥದ್ದು ಎಂದಿತ್ತು. ಜೊತೆಗೆ ಪೇಟೆಂಟ್ ಕಾಯ್ದೆಯ ಸೆಕ್ಷನ್ 3(ಡಿ) ಅಡಿ ಆಕ್ಷೇಪ. ನೊವಾರ್ಟಿಸ್ ಕಂಪನಿಯ ಕ್ಯಾನ್ಸರ್ ಔಷಧಕ್ಕೆ ಸುಪ್ರೀಂ ಕೋರ್ಟ್ ಪೇಟೆಂಟ್ ನಿರಾಕರಿಸಿದ 2013ರ ತೀರ್ಪಿನ ನಂತರ ಆ ಸೆಕ್ಷನ್ ಎಂದರೆ ಎಲ್ಲರಿಗೂ ನೆನಪಾಗುವುದು ಗೊತ್ತಿದ್ದ ಔಷಧದ ಹೊಸ ಹರಳು ರೂಪ. ಅದರ ಬಾಲದಲ್ಲಿ ವಿಧಾನದ ಮಾತೂ ಇದೆ: ಗೊತ್ತಿದ್ದ ವಿಧಾನವನ್ನೇ ಬಳಸಿದರೆ ಹೊಸ ಉತ್ಪನ್ನ ಬರಬೇಕು, ಇಲ್ಲವೇ ಒಂದಾದರೂ ಹೊಸ ರಿಯಾಕ್ಟೆಂಟ್ (ಕ್ರಿಯೆಯಲ್ಲಿ ಪಾಲ್ಗೊಳ್ಳುವ ರಾಸಾಯನಿಕ) ಇರಬೇಕು. ನಮ್ಮಲ್ಲಿ ಎರಡೂ ಇರಲಿಲ್ಲ. ವಿಧಾನವೇ ಬೇರೆ ಎಂದು ತೋರಿಸುವುದೊಂದೇ ದಾರಿ.

ಉತ್ತರಕ್ಕೆ 6 ತಿಂಗಳು. ನನ್ನ ಕರಡು ಓದಿದ ಪೇಟೆಂಟ್ ಏಜೆಂಟ್ ಮೇಡಂ, "ಸಾರ್, ತುಂಬಾ ಕಷ್ಟಪಟ್ಟಿದ್ದೀವಿ ಅನ್ನೋದು ವಾದ ಆಗಲ್ಲ. ಅವರು ತೋರಿಸಿರೋ ಹಳೇ ವಿಧಾನದಲ್ಲೇ ಮಾಡಿದ್ರೆ ಏನಾಗುತ್ತೆ, ಅದನ್ನ ಕೊಡಿ" ಎಂದರು.

ಮಾಡಿದೆವು. ಬಿಸಿ ದ್ರಾವಣವನ್ನು ನೇರ ಐಸ್‌ ಮೇಲೆ ಇಳಿಸಿದರೆ, ಗಾಜಿನ ರಿಯಾಕ್ಟರಿನಲ್ಲಿ ತಿಳಿಯಾಗಿದ್ದದ್ದು ಕಣ್ಣೆದುರೇ ಮಜ್ಜಿಗೆಯಂತಾಯಿತು. ಅವಸರದಲ್ಲಿ ಬೆಳೆದ ಸೂಜಿ ಹರಳುಗಳು ಕೊಳೆ ದ್ರಾವಣವನ್ನು ಒಳಗೇ ಹಿಡಿದುಕೊಂಡಿದ್ದವು. ಎಷ್ಟು ತೊಳೆದರೂ ಕಲ್ಮಶ 0.6%ಗಿಂತ ಕೆಳಗೆ ಇಳಿಯಲಿಲ್ಲ. ನಮ್ಮ ವಿಧಾನದಲ್ಲಿ 58 ಡಿಗ್ರಿಗೆ, ದ್ರಾವಣ ಇನ್ನೂ ತಾನಾಗಿ ಹರಳುಗಟ್ಟುವ ಮೊದಲೇ, ಬೀಜದ ಹರಳು (ಉಳಿದದ್ದು ಅದರ ಮೇಲೆ ಬೆಳೆಯಲೆಂದು ಹಾಕುವ ಅದೇ ವಸ್ತುವಿನ ಪುಟ್ಟ ಹರಳು) ಹಾಕಿ 2 ಗಂಟೆ ಅಲ್ಲೇ ನಿಲ್ಲಿಸುತ್ತೇವೆ. ಆಮೇಲೆ ಗಂಟೆಗೆ 3 ಡಿಗ್ರಿಯಂತೆ ಇಳಿಸುತ್ತಾ, ಹರಳು ಬೆಳೆದು ಮೇಲ್ಮೈ ಹೆಚ್ಚಿದ ಮೇಲಷ್ಟೇ ವೇಗ ಕೊಡುತ್ತೇವೆ. ಕಲ್ಲುಸಕ್ಕರೆಯಂಥ ಚೊಕ್ಕ ಅಂಚಿನ ಹರಳು, ಕಲ್ಮಶ 0.08%.

ಎಚ್‌ಪಿಎಲ್‌ಸಿ (ಕಲ್ಮಶ ಅಳೆಯುವ ಪರೀಕ್ಷೆ) ಗ್ರಾಫ್ ಎರಡನ್ನೂ ಪಕ್ಕಪಕ್ಕ ಇಟ್ಟು ಕಳಿಸಿದೆವು. ಆದರೆ ಪ್ರಕರಣ ನಿಂತದ್ದು ಮೂಲ ಅರ್ಜಿಯಲ್ಲಿದ್ದ, ಬೇರೆ ತಾಪಮಾನಗಳಲ್ಲಿ ಕೆಟ್ಟ ಬ್ಯಾಚುಗಳ ಟೇಬಲ್ ಮೇಲೆ. ಅದನ್ನು ತೆಗೆದುಬಿಡೋಣ ಎಂದಿದ್ದವನು ನಾನೇ. ಲ್ಯಾಬಿನ ಕಿರಿಯ ಹುಡುಗಿ ಹಠ ಹಿಡಿದು ಉಳಿಸಿದ್ದಳು. ಅವಳಿಗೆ ನಾನು ಋಣಿ. ಕ್ಲೇಮನ್ನು (ಯಾವುದಕ್ಕೆ ಹಕ್ಕು ಕೇಳುತ್ತೇವೆ ಎಂಬ ಬರಹವನ್ನು) ಆಮೇಲೆ ಕಿರಿದು ಮಾಡಬಹುದೇ ಹೊರತು, ಮೊದಲು ಬರೆಯದಿದ್ದದ್ದನ್ನು ಹೊಸದಾಗಿ ಸೇರಿಸಲು ಸೆಕ್ಷನ್ 59 ಬಿಡುವುದಿಲ್ಲ.

ವಿಡಿಯೊ ವಿಚಾರಣೆಯಲ್ಲಿ ಬಂದ ಮುಖ್ಯ ಪ್ರಶ್ನೆ: 58ರಲ್ಲೇ ಏಕೆ? ಟೇಬಲ್ ತೋರಿಸಿದೆ. 62ರಲ್ಲಿ ಹಾಕಿದ ಬೀಜ ಕರಗಿಹೋಗುತ್ತದೆ. 54ರಲ್ಲಿ ಬೀಜ ಬೀಳುವಷ್ಟರಲ್ಲಿ ದ್ರಾವಣ ಬೆಳ್ಳಗಾಗಿರುತ್ತದೆ. "ನಿಯಂತ್ರಿತವಾಗಿ ತಣಿಸುವುದು" ಎಂಬ ನಮ್ಮ ಅಗಲವಾದ ಕ್ಲೇಮನ್ನು ಕೈಬಿಟ್ಟು, 56ರಿಂದ 60 ಡಿಗ್ರಿ, ಬೀಜ, 2 ಗಂಟೆ ಎಂದು ಬರೆದುಕೊಟ್ಟೆವು. ಅಷ್ಟಕ್ಕೆ ಪೇಟೆಂಟ್ ಸಿಕ್ಕಿತು.